ಮಗು ಮಂದವೋ, ನಮ್ಮ ಅವಸರವೋ?

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದ್ದಾರೆ. ಶಾಲೆ ಹುಟ್ಟಿದ ಬಗೆ, ಕಟ್ಟಡಕ್ಕಾಗಿ ಹಿರಿಯರು ಪಟ್ಟ ಪಾಡು, ದಾನಿಗಳ ಔದಾರ್ಯ ಇವೆಲ್ಲವನ್ನು ಕುರಿತು ನನಗಿಂತ ಚೆನ್ನಾಗಿ ಬಲ್ಲವರು ಇದೇ ಸಂಚಿಕೆಯಲ್ಲಿ ಬರೆಯುತ್ತಿದ್ದಾರೆ. ಆದುದರಿಂದ ನಾನು ನೆನಪಿನ ಗಂಟನ್ನು ಬಿಚ್ಚದೆ, ಬರುವ ಜೂನ್ ತಿಂಗಳಲ್ಲಿ ಒಂದನೆಯ ತರಗತಿಗೆ ಬಂದು ಕೂರಲಿರುವ ಮಗುವಿನ ವಿಷಯವಾಗಿ ಕೆಲವು ಮಾತುಗಳನ್ನು ಹೇಳಲು ಬಯಸುತ್ತೇನೆ. ನಾನು ಪದವೀಧರನಲ್ಲ. ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ, ಶಿಕ್ಷಕರ ತರಬೇತಿ ಪಡೆದು, ಪಾಠ ಹೇಳಿ ನಿವೃತ್ತನಾದವನು. ಮಕ್ಕಳ ಮನಶ್ಶಾಸ್ತ್ರವನ್ನು ಕುರಿತ ಬರಹಗಳನ್ನು ಓದಲು ಬಿಡುವು ದೊರೆತದ್ದು ನಿವೃತ್ತಿಯ ಅನಂತರವೇ. ಬೆಂಗಳೂರಿನಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಆಗಾಗ ಕಳುಹಿಸಿಕೊಟ್ಟ ಲೇಖನಗಳನ್ನು ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಓದಿದ್ದೇನೆ. ಓದಿದ್ದರಲ್ಲಿ ಮೊರಪ್ಪೂರಿನ ತಾಯ್ತಂದೆಯರ ಕಿವಿಗೆ ಬೀಳಲೇಬೇಕಾದ ಸಂಗತಿಗಳು ಹಲವಿವೆ.

ನಮ್ಮ ಶಾಲೆಯನ್ನು ಬಿಟ್ಟುಹೋಗುವ ಮಕ್ಕಳಲ್ಲಿ ಹೆಚ್ಚಿನವರು ಬಿಡುವುದು ಎರಡನೆಯ ತರಗತಿಯ ಕೊನೆಯಲ್ಲಿ. ಪರೀಕ್ಷೆ ಮುಗಿದ ವಾರದಲ್ಲಿ ತಂದೆಯೋ ತಾಯಿಯೋ ವರ್ಗಾವಣೆ ಪತ್ರಕ್ಕೆ ಬಂದು ನಿಲ್ಲುತ್ತಾರೆ. ಕಾರಣ ಕೇಳಿದರೆ ಉತ್ತರ ಹೆಚ್ಚು ಕಡಿಮೆ ಒಂದೇ: "ನಮ್ಮಣ್ಣನ ಮಗ ಇಂಗ್ಲಿಷ್ ಸ್ಕೂಲಲ್ಲಿ ಯು.ಕೆ.ಜಿ.ಯಲ್ಲೇ ಎ ಬಿ ಸಿ ಡಿ ಪೂರ್ತಿ ಬರೀತಾನೆ ಸಾರ್. ನಮ್ಮವನು ಎರಡನೇ ಕ್ಲಾಸು ಮುಗೀತಾ ಬಂತು, ಇನ್ನೂ ಒತ್ತಕ್ಷರಕ್ಕೆ ತಡವರಿಸ್ತಾನೆ. ತಲೆ ಸ್ವಲ್ಪ ಮಂದ ಅಂತ ಕಾಣುತ್ತೆ." ಮಗು ಪಕ್ಕದಲ್ಲಿಯೇ ನಿಂತು ಈ ಮಾತನ್ನು ಕೇಳಿಸಿಕೊಳ್ಳುತ್ತಿರುತ್ತದೆ. ತನ್ನ ತಲೆ ಮಂದವೆಂಬುದು ಅದು ಆ ದಿನ ಕಲಿತ ಪಾಠ. ಆ ಪಾಠವನ್ನು ಮಾತ್ರ ಅದು ಬೇಗನೆ ಕಲಿಯುತ್ತದೆ.

ಇಂಥ ಮಕ್ಕಳಲ್ಲಿ ಬಹುಪಾಲು ಮಂದಮತಿಗಳಲ್ಲವೆಂಬುದೂ, ಅವರು ಕನ್ನಡ ಲಿಪಿಯನ್ನು ಕಲಿಯಲು ಬೇಕಾದಷ್ಟೇ ಕಾಲವನ್ನು ತೆಗೆದುಕೊಳ್ಳುತ್ತಿದ್ದಾರೆಂಬುದೂ ನನ್ನ ಅಭಿಪ್ರಾಯ. ಇದು ಕೇವಲ ಮೇಷ್ಟರ ಮಮತೆಯ ಮಾತಲ್ಲ; ಇದಕ್ಕೆ ಆಧಾರವುಂಟು. ಆದರೆ ಆ ಆಧಾರವನ್ನು ಮುಂದಿಡುವ ಮೊದಲು, ಮಗುವಿನ ಮನಸ್ಸಿನಲ್ಲಿ ನಡೆಯುವುದನ್ನು ವಿದ್ವಾಂಸರು ಹೇಗೆ ತಿಳಿಯುತ್ತಾರೆಂಬುದನ್ನು ಕೊಂಚ ಹೇಳಬೇಕು. ಏಕೆಂದರೆ ಮಗುವನ್ನು ಅಳೆಯುವ ಕೋಲೇ ಡೊಂಕಾಗಿದ್ದರೆ ಅಳತೆಯೂ ಡೊಂಕೇ ಆಗುತ್ತದೆ.

ಎಲ್ಲಕ್ಕಿಂತ ಹಳೆಯ ವಿಧಾನ ದಿನಚರಿ. ಜೀವವಿಕಾಸವಾದದ ಡಾರ್ವಿನ್ ತನ್ನ ಮೊದಲ ಮಗ ಹುಟ್ಟಿದಾಗ ಅವನ ಅಳು, ನಗು, ಸಿಟ್ಟು, ಭಯಗಳನ್ನು ಬರೆದಿಟ್ಟುಕೊಂಡು, ಬಹಳ ವರ್ಷಗಳ ಮೇಲೆ 1877ರಲ್ಲಿ ಪ್ರಕಟಿಸಿದನು. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ತನ್ನ ಮೂವರು ಮಕ್ಕಳು ತೊಟ್ಟಿಲಲ್ಲಿದ್ದ ಕಾಲದಿಂದಲೂ ಅವರನ್ನು ಗಮನಿಸಿ ಬರೆದ ಟಿಪ್ಪಣಿಗಳ ಮೇಲೆ ಒಂದು ಶಾಸ್ತ್ರವನ್ನೇ ಕಟ್ಟಿದನು. ಮಗು ಚಿಕ್ಕ ಗಾತ್ರದ ದೊಡ್ಡ ಮನುಷ್ಯನಲ್ಲ, ಅದು ಲೋಕವನ್ನು ಕಾಣುವ ರೀತಿಯೇ ಬೇರೆ, ಆ ರೀತಿ ಮೆಟ್ಟಿಲು ಮೆಟ್ಟಿಲಾಗಿ ಬದಲಾಗುತ್ತದೆ ಎಂಬುದು ಅವನ ವಾದದ ತಿರುಳು. ಒಂದು ಅಗಲ ಲೋಟದಲ್ಲಿದ್ದ ನೀರನ್ನು ಮಗುವಿನ ಕಣ್ಣೆದುರಿನಲ್ಲಿಯೇ ಉದ್ದನೆಯ ಸಣ್ಣ ಲೋಟಕ್ಕೆ ಸುರಿದು "ಈಗ ನೀರು ಹೆಚ್ಚಾಯಿತೋ, ಅಷ್ಟೇ ಇದೆಯೋ?" ಎಂದು ಕೇಳಿದರೆ ಐದು ವರ್ಷದ ಮಗು ಸಾಮಾನ್ಯವಾಗಿ "ಹೆಚ್ಚಾಯಿತು" ಎನ್ನುತ್ತದೆ, ಏಳೆಂಟು ವರ್ಷದ ಮಗು "ಅಷ್ಟೇ ಇದೆ, ನೀವು ಸುರಿದದ್ದು ಅದನ್ನೇ ಅಲ್ಲವೇ" ಎಂದು ನಗುತ್ತದೆ. ಮನೆಯಲ್ಲಿ ಮಜ್ಜಿಗೆಯ ಲೋಟಗಳಿಂದ ಯಾರು ಬೇಕಾದರೂ ಇದನ್ನು ಮಾಡಿ ನೋಡಬಹುದು.

ಮಗುವಿನ ತಪ್ಪೇ ಅದರ ಬುದ್ಧಿಯ ಕಿಟಕಿ ಎಂಬುದು ಈ ಶಾಸ್ತ್ರದವರು ನಮಗೆ ಕಲಿಸಿದ ಬಹು ದೊಡ್ಡ ಪಾಠವೆಂದು ನನಗೆ ತೋರುತ್ತದೆ. ಅಮೆರಿಕದ ಜೀನ್ ಬರ್ಕೊ ಎಂಬಾಕೆ 1958ರಲ್ಲಿ ಮಕ್ಕಳಿಗೆ ಯಾರೂ ಕೇಳಿರದ ಹುಸಿ ಶಬ್ದಗಳನ್ನು ಹೇಳಿ, ಅವುಗಳ ಬಹುವಚನವೇನು, ಭೂತಕಾಲದ ರೂಪವೇನು ಎಂದು ಕೇಳಿದರು. ಎಂದೂ ಕೇಳಿರದ ಶಬ್ದಕ್ಕೂ ಮಕ್ಕಳು ಸರಿಯಾದ ಪ್ರತ್ಯಯವನ್ನು ಹಚ್ಚಿದರು. ಎಂದರೆ ಅವರು ಗಿಳಿಯಂತೆ ಒಪ್ಪಿಸುತ್ತಿರಲಿಲ್ಲ. ಒಳಗೊಂದು ವ್ಯಾಕರಣವನ್ನು ಕಟ್ಟಿಕೊಂಡಿದ್ದರು. ಇದಕ್ಕೆ ಅಮೆರಿಕಕ್ಕೆ ಹೋಗಬೇಕಾಗಿಲ್ಲ. ನಮ್ಮ ಮನೆಗಳಲ್ಲಿ ಮೂರು ವರ್ಷದ ಮಗು "ಅಪ್ಪ ಮಿಠಾಯಿ ಕೊಡಿದ" ಎನ್ನುತ್ತದೆ. "ಬೀಳಿದ" ಎನ್ನುತ್ತದೆ. ಕೊಡಿದ ಎಂದು ಅದಕ್ಕೆ ಯಾರು ಹೇಳಿಕೊಟ್ಟರು? ಯಾರೂ ಇಲ್ಲ. ಮಾಡು ಎಂಬುದು ಮಾಡಿದ ಆಗುತ್ತದೆ, ಓಡು ಎಂಬುದು ಓಡಿದ ಆಗುತ್ತದೆ, ಹಾಗಾದರೆ ಕೊಡು ಎಂಬುದು ಕೊಡಿದ ಆಗಬೇಕಲ್ಲವೇ? ಕೇಶಿರಾಜನ ಹೆಸರನ್ನೇ ಕೇಳಿರದ ಮಗು ತಾನೇ ಸೂತ್ರವನ್ನು ಕಂಡುಕೊಂಡಿದೆ. ನಾವು ನಕ್ಕು ತಿದ್ದುತ್ತೇವೆ. ತಿದ್ದೋಣ, ಆದರೆ ಅದು ಬುದ್ಧಿವಂತಿಕೆಯಿಂದ ಹುಟ್ಟಿದ ತಪ್ಪೆಂಬುದನ್ನು ಮರೆಯಬಾರದು.

ಇನ್ನು ಪರೀಕ್ಷೆಗಳ ಮಾತು. ಪ್ಯಾರಿಸಿನ ಆಲ್ಫ್ರೆಡ್ ಬಿನೆ 1905ರಲ್ಲಿ ಸೈಮನ್ ಎಂಬ ವೈದ್ಯನೊಡನೆ ಸೇರಿ ಬುದ್ಧಿಮಾಪನದ ಮೊದಲ ಪ್ರಶ್ನಾವಳಿಯನ್ನು ರಚಿಸಿದನು. ಶಾಲೆಯಲ್ಲಿ ಹೆಚ್ಚಿನ ನೆರವು ಯಾವ ಮಕ್ಕಳಿಗೆ ಬೇಕೆಂದು ಗುರುತಿಸುವುದು ಅವನ ಉದ್ದೇಶವಾಗಿತ್ತು. ಮಕ್ಕಳ ಹಣೆಗೆ ಮುದ್ರೆ ಒತ್ತುವುದಲ್ಲ. ಆ ಪ್ರಶ್ನಾವಳಿ ಸಮುದ್ರ ದಾಟಿ ಅಮೆರಿಕಕ್ಕೆ ಹೋಗಿ, ಅಲ್ಲಿಂದ ನಮ್ಮ ದೇಶಕ್ಕೂ ಬಂದಿತು. ಪ್ಯಾರಿಸಿನ ಮಗುವಿಗಾಗಿ ಮಾಡಿದ ಪ್ರಶ್ನೆಯನ್ನು ಧಾರವಾಡದ ಮಗುವಿಗೆ ಕೇಳಿದರೆ ಏನು ಪ್ರಯೋಜನ? ಧಾರವಾಡದಲ್ಲಿದ್ದ ವಿ. ವಿ. ಕಾಮತ್ ಅವರು 1930ರ ದಶಕದಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡು, ಮುಂಬಯಿ ಕರ್ನಾಟಕದ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದುವಂತೆ ಬಿನೆಯ ಪರೀಕ್ಷೆಯನ್ನು ಅವರವರ ಭಾಷೆಯಲ್ಲಿ ಮಾರ್ಪಡಿಸಿದರು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ದೇಶದ ಎಷ್ಟೋ ಚಿಕಿತ್ಸಾಲಯಗಳಲ್ಲಿ ಬಳಕೆಗೆ ಬಂದಿತು. ಕನ್ನಡ ಮಗುವಿನ ಬುದ್ಧಿಯನ್ನು ತಿಳಿಯಬೇಕಾದರೆ ಕನ್ನಡದಲ್ಲಿಯೇ ಕೇಳಬೇಕೆಂಬುದನ್ನು ಕನ್ನಡ ನಾಡಿನವರೇ ಅಷ್ಟು ಹಿಂದೆ ಕಂಡುಕೊಂಡಿದ್ದರೆಂಬುದು ನಮಗೆ ಹೆಮ್ಮೆಯ ವಿಷಯ. ಆದರೆ ಹೆಮ್ಮೆಪಟ್ಟು ಸುಮ್ಮನಿದ್ದರೆ ಆಗಲಿಲ್ಲ.

ಹಲವು ವರ್ಷಗಳ ಹಿಂದೆ ಒಂದು ತಪಾಸಣಾ ಶಿಬಿರದಲ್ಲಿ ನಮ್ಮ ಮೂರನೆಯ ತರಗತಿಯ ಹುಡುಗಿಯೊಬ್ಬಳನ್ನು ಪರೀಕ್ಷಿಸಿ "ಬೆಳವಣಿಗೆ ಸಾಲದು" ಎಂದು ಚೀಟಿ ಬರೆದುಕೊಟ್ಟರು. ಪ್ರಶ್ನೆ ಕೇಳಿದವರು ಬಲು ವೇಗವಾಗಿ, ನಡುವೆ ಇಂಗ್ಲಿಷ್ ಬೆರೆಸಿದ ಪಟ್ಟಣದ ತಮಿಳಿನಲ್ಲಿ ಕೇಳಿದ್ದರು. ಹುಡುಗಿ ಬಾಯಿ ಬಿಟ್ಟಿರಲಿಲ್ಲ. ಅದೇ ಹುಡುಗಿ ದಿನವೂ ಬೆಳಗ್ಗೆ ಮನೆಯ ಹಾಲನ್ನು ಸೊಸೈಟಿಗೆ ಹಾಕಿ, ಲೀಟರಿಗೆ ಇಷ್ಟೆಂದು ವಾರದ ಲೆಕ್ಕವನ್ನು ಬೆರಳು ಮಡಿಸದೆ ಹೇಳುತ್ತಿದ್ದಳು. ಆ ಚೀಟಿಯನ್ನು ಹಿಡಿದುಕೊಂಡು ಅವಳ ತಾಯಿ ನನ್ನ ಬಳಿಗೆ ಬಂದಾಗ, ಅದು ಅವಳ ಬುದ್ಧಿಯ ಅಳತೆಯಲ್ಲ, ಕೇಳಿದವರ ಭಾಷೆಯ ಅಳತೆ ಎಂದು ಹೇಳಿ ಕಳುಹಿಸಿದೆ. ಈಗ ಅವಳು ಎರಡು ಮಕ್ಕಳ ತಾಯಿ. ಸ್ವಸಹಾಯ ಸಂಘವೊಂದರ ಲೆಕ್ಕವನ್ನು ಬರೆಯುವವಳೂ ಅವಳೇ.

ಇದು ಮೊರಪ್ಪೂರಿನ ವಿಶೇಷವಲ್ಲ. ಬ್ರೆಜಿಲ್ ದೇಶದ ರೆಸೀಫೆ ಎಂಬ ನಗರದ ಬೀದಿಯಲ್ಲಿ ಎಳನೀರು, ಹಣ್ಣು ಮಾರುತ್ತಿದ್ದ ಮಕ್ಕಳನ್ನು ಮೂವರು ಸಂಶೋಧಕರು ಗಿರಾಕಿಗಳಂತೆ ಹೋಗಿ ಮಾತನಾಡಿಸಿದರು. "ಹತ್ತು ಎಳನೀರಿಗೆ ಎಷ್ಟಾಯಿತು?" ಎಂಬಂಥ ಲೆಕ್ಕಗಳಿಗೆ ನೂರರಲ್ಲಿ 98 ಉತ್ತರ ಸರಿ. ಅದೇ ಲೆಕ್ಕಗಳನ್ನು ಕಾಗದದಲ್ಲಿ ಬರೆದು, ಕುಳಿತು ಮಾಡಿರೆಂದಾಗ ಸರಿಯಾದದ್ದು ನೂರರಲ್ಲಿ 37ರಷ್ಟು ಮಾತ್ರ. ಈ ಅಧ್ಯಯನ ಪ್ರಕಟವಾದದ್ದು 1985ರಲ್ಲಿ. ಅವರು ಪರೀಕ್ಷಿಸಿದ್ದು ಐದೇ ಮಂದಿ ಮಕ್ಕಳನ್ನು ಎಂದು ಆಕ್ಷೇಪಿಸುವವರಿರಬಹುದು. 2025ರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮೊದಲಾದವರು ಕೊಲ್ಕತ್ತಾ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ ಸಾವಿರಕ್ಕೂ ಮಿಕ್ಕಿದ ಮಕ್ಕಳ ನಡುವೆ ನಡೆಸಿದ ಅಧ್ಯಯನವೂ ಇದನ್ನೇ ತೋರಿಸಿತು. ಜೊತೆಗೆ ಅದರ ವಿಪರ್ಯಾಯವನ್ನೂ ತೋರಿಸಿತು. ಶಾಲೆಯಲ್ಲಿ ಲೆಕ್ಕ ಚೆನ್ನಾಗಿ ಮಾಡುವ ಮಕ್ಕಳು ಸಂತೆಯ ಲೆಕ್ಕದಲ್ಲಿ ತೊಡರಿದರು. ಹುಣಸೆಹಣ್ಣಿನ ತೂಕಕ್ಕೆ ಬಾಯಲ್ಲಿಯೇ ಬೆಲೆ ಕಟ್ಟುವ ಹುಡುಗ ಸ್ಲೇಟಿನ ಮೇಲೆ ಗುಣಾಕಾರ ತಪ್ಪಿದರೆ, ಇಲ್ಲದಿರುವುದು ಬುದ್ಧಿಯಲ್ಲ. ಸಂತೆಯಿಂದ ಸ್ಲೇಟಿಗೆ ಹಾಕಬೇಕಾದ ಸೇತುವೆ. ಅದನ್ನು ಹಾಕಬೇಕಾದವರು ನಾವು.

ಪ್ರಶ್ನೆ ಕೇಳುವ ರೀತಿಯಲ್ಲಿಯೂ ತೊಡಕುಂಟು. ಪಿಯಾಜೆಯ ನೀರಿನ ಪ್ರಯೋಗದಲ್ಲಿ ಮಗುವಿಗೆ ಅದೇ ಪ್ರಶ್ನೆಯನ್ನು ಎರಡು ಸಲ ಕೇಳುತ್ತಾರೆ, ಸುರಿಯುವ ಮೊದಲೊಮ್ಮೆ, ಸುರಿದ ಮೇಲೊಮ್ಮೆ. ಇಂಥ ಪ್ರಯೋಗಗಳಲ್ಲಿ ಪ್ರಶ್ನೆಯನ್ನು ಕೊನೆಗೆ ಒಂದೇ ಸಲ ಕೇಳಿದರೆ ಹೆಚ್ಚು ಮಕ್ಕಳು ಸರಿಯಾಗಿ ಹೇಳುತ್ತಾರೆಂದು 1974ರಲ್ಲಿಯೇ ಕಂಡುಬಂದಿತು. ಸ್ಕಾಟ್ಲೆಂಡಿನ ಮಾರ್ಗರೆಟ್ ಡೊನಾಲ್ಡ್‌ಸನ್ 1978ರ ತಮ್ಮ ಪುಸ್ತಕದಲ್ಲಿ ಇಂಥ ಹಲವು ಪ್ರಯೋಗಗಳನ್ನು ವಿವರಿಸಿ, ಮಗು ಕೇಳಿಸಿಕೊಳ್ಳುವುದು ಪ್ರಶ್ನೆಯ ಶಬ್ದಗಳನ್ನಲ್ಲ, ಕೇಳುವವರ ಮನಸ್ಸಿನಲ್ಲಿರುವುದನ್ನು ಎಂದು ವಾದಿಸಿದರು. ಉಪಾಧ್ಯಾಯ ಮಿತ್ರರು ಇದನ್ನು ಬಲ್ಲರು. "ಏಳೆಂಟ್ಲ ಎಷ್ಟು?" ಎಂದು ಕೇಳಿ, ಮಗು "ಐವತ್ತಾರು" ಎಂದಮೇಲೆ ಹುಬ್ಬೇರಿಸಿ "ಎಷ್ಟು?" ಎಂದರೆ ಸಾಕು, ಅದು ತಕ್ಷಣ "ಐವತ್ನಾಲ್ಕು" ಎನ್ನುತ್ತದೆ. ಮಗ್ಗಿ ತಿಳಿಯದುದರಿಂದಲ್ಲ, ದೊಡ್ಡವರು ಎರಡನೆಯ ಸಲ ಕೇಳಿದರೆ ಮೊದಲ ಉತ್ತರ ತಪ್ಪೆಂದು ಅದು ಚೆನ್ನಾಗಿ ತಿಳಿದುಕೊಂಡಿರುವುದರಿಂದ.

ಈಗ ಅಕ್ಷರಗಳ ವಿಷಯ. ಇಲ್ಲಿ ಕೊಂಚ ವಿವರವಾಗಿ ಹೇಳುವುದನ್ನು ವಾಚಕರು ಸಹಿಸಬೇಕು, ಏಕೆಂದರೆ ವರ್ಗಾವಣೆ ಪತ್ರಕ್ಕೆ ಬಂದವರ ದೂರು ಇದೇ.

ಇಂಗ್ಲಿಷಿಗೆ 26 ಅಕ್ಷರ. ನಮ್ಮ ವರ್ಣಮಾಲೆಗೆ 49. ಆದರೆ 49 ಕಲಿತ ಮಗು ಒಂದು ಪುಟವನ್ನು ಓದಲಾರದು. 34 ವ್ಯಂಜನಗಳಿಗೆ ಸ್ವರಗಳನ್ನು ಕೂಡಿಸಿ ಕಾಗುಣಿತ ಬರೆದರೆ ಅಕ್ಷರರೂಪಗಳು ನಾನ್ನೂರನ್ನು ಮೀರುತ್ತವೆ. ಅದರ ಮೇಲೆ ಒತ್ತಕ್ಷರಗಳು. ಅಕ್ಕ, ಅಜ್ಜ, ಹಬ್ಬ ಎಂಬಂಥ ಸಜಾತೀಯ ಒತ್ತುಗಳಲ್ಲಿ ಮೇಲಿನದೂ ಕೆಳಗಿನದೂ ಒಂದೇ ವ್ಯಂಜನ, ಕಲಿಯುವುದು ಸುಲಭ. ಆದರೆ ತ, ಮ, ಯ, ರ, ಲ, ನ ಇವು ಒತ್ತಾಗಿ ಕೆಳಗಿಳಿದಾಗ ಗುರುತು ಸಿಗದಂತೆ ವೇಷ ಬದಲಿಸುತ್ತವೆ. ಅರ್ಕಾವತ್ತಿನ ಕಥೆಯಂತೂ ವಿಚಿತ್ರ; ಸೂರ್ಯ ಎಂಬಲ್ಲಿ ಮೊದಲು ಉಚ್ಚರಿಸಬೇಕಾದ ರೇಫವನ್ನು ಯಕಾರದ ಅನಂತರ ಬರೆಯುತ್ತೇವೆ. ಏಳು ವರ್ಷದ ಮಗು ಇದರ ಮುಂದೆ ಒಂದು ಕ್ಷಣ ನಿಂತು ಯೋಚಿಸಿದರೆ ಅದನ್ನು ತಡವರಿಕೆ ಎನ್ನಬೇಕೆ?

ಬೆಂಗಳೂರಿನ ಪ್ರಾಮಿಸ್ ಫೌಂಡೇಷನ್ನಿನ ಸೋನಾಲಿ ನಾಗ್ ಅವರು ಐದರಿಂದ ಹತ್ತು ವರ್ಷದೊಳಗಿನ ಕನ್ನಡ ಮಕ್ಕಳನ್ನು ಪರೀಕ್ಷಿಸಿ 2007ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಅಕ್ಷರಗಳ ಜ್ಞಾನ ಕನ್ನಡ ಮಕ್ಕಳಲ್ಲಿ ಇಂಗ್ಲಿಷಿನಂಥ ವರ್ಣಲಿಪಿಗಳ ಮಕ್ಕಳಿಗಿಂತ ನಿಧಾನವಾಗಿ ಬೆಳೆಯುತ್ತದೆ. ಅದು ಒಂದೆರಡು ವರ್ಷಗಳಲ್ಲಿ ಮುಗಿಯದೆ ಪ್ರಾಥಮಿಕ ಶಾಲೆಯ ಮುಂದಿನ ತರಗತಿಗಳವರೆಗೂ ನಡೆಯುತ್ತದೆ. ಅಕ್ಷರವನ್ನು ಒಡೆದು ಒಳಗಿನ ಒಂದೊಂದು ಧ್ವನಿಯನ್ನು ಬೇರೆಯಾಗಿ ಗುರುತಿಸುವ ಶಕ್ತಿಯೂ ತಡವಾಗಿಯೇ ಬರುತ್ತದೆ. ಇವು ಆ ಅಧ್ಯಯನದ ಮುಖ್ಯ ಫಲಿತಗಳು. ನಾಲ್ಕೈದು ವರ್ಷದ ದಾರಿಯನ್ನು ಎರಡನೆಯ ವರ್ಷದ ಕೊನೆಗೆ ನಿಂತು ಅಳೆದು "ಇನ್ನೂ ಊರು ಬರಲಿಲ್ಲ" ಎಂದು ಗಾಡಿಯಿಂದ ಇಳಿಯುವವನನ್ನು ಏನೆನ್ನೋಣ?

ಇಂಗ್ಲಿಷ್ ಓದು ಸುಲಭವೆಂಬುದೂ ಭ್ರಮೆಯೇ. ಎ ಬಿ ಸಿ ಡಿ ಬರೆಯುವುದು ಸುಲಭ, ನಿಜ. ಆದರೆ ಯುರೋಪಿನ 13 ಭಾಷೆಗಳಲ್ಲಿ ಮಕ್ಕಳು ಓದಲು ಕಲಿಯುವ ವೇಗವನ್ನು ಹೋಲಿಸಿ 2003ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಶಾಲೆಯ ಮೊದಲ ವರ್ಷದ ಕೊನೆಗೆ ಫಿನ್ನಿಶ್, ಗ್ರೀಕ್, ಇಟಾಲಿಯನ್ ಮಕ್ಕಳು ಪರಿಚಿತ ಶಬ್ದಗಳನ್ನು ಬಹುತೇಕ ತಪ್ಪಿಲ್ಲದೆ ಓದುತ್ತಿದ್ದರೆ, ಇಂಗ್ಲಿಷನ್ನೇ ಮನೆಮಾತಾಗಿ ಉಳ್ಳ ಸ್ಕಾಟ್ಲೆಂಡಿನ ಮಕ್ಕಳು ಮೂರರಲ್ಲಿ ಒಂದು ಪಾಲನ್ನು ಮಾತ್ರ ಸರಿಯಾಗಿ ಓದಿದರು. ಇಂಗ್ಲಿಷಿನಲ್ಲಿ ಅಕ್ಷರ ಕೆಲವು, ಅಪವಾದ ನೂರಾರು. ಕನ್ನಡದಲ್ಲಿ ಅಕ್ಷರ ನೂರಾರು, ಅಪವಾದವೇ ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ಮಗು ದುಡಿಮೆಯನ್ನೆಲ್ಲ ಮೊದಲೇ ಮುಗಿಸಿ, ನಾಲ್ಕನೆಯ ತರಗತಿಯ ಹೊತ್ತಿಗೆ ತಾನೆಂದೂ ಕಂಡಿರದ ಶಬ್ದವನ್ನೂ ಓದಿಬಿಡುತ್ತದೆ. ಅತ್ತಲಿನ ಮಗು ಸಾಯುವತನಕ ಕಾಗುಣಿತದ ತಪ್ಪಿಗೆ ನಿಘಂಟು ನೋಡುತ್ತಿರಬೇಕು. ಎರಡನೆಯ ತರಗತಿಯಲ್ಲಿ ಶಾಲೆ ಬಿಡಿಸಿದರೆ ಆ ಮಗು ಕನ್ನಡದ ಕಷ್ಟವನ್ನಷ್ಟೇ ಉಂಡು, ಫಲವನ್ನು ಉಣ್ಣುವ ಮೊದಲು ಪಂಕ್ತಿಯಿಂದ ಎದ್ದಂತಾಗುತ್ತದೆ.

ನಮ್ಮ ಮಕ್ಕಳಿಗೆ ಇನ್ನೊಂದು ವಿಶೇಷ ಹೊರೆಯುಂಟು. ಬೀದಿಯಲ್ಲಿ, ಬಸ್ಸಿನ ಮೇಲೆ, ಅಂಗಡಿಯ ಹಲಗೆಯ ಮೇಲೆ ಅವರು ದಿನವೂ ಕಾಣುವುದು ತಮಿಳು ಲಿಪಿ. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ನಮ್ಮಲ್ಲಿ ಕ, ಖ, ಗ, ಘ ಎಂದು ನಾಲ್ಕು. ತಮಿಳಿನಲ್ಲಿ ಒತ್ತಕ್ಷರವಿಲ್ಲ, ವ್ಯಂಜನದ ನೆತ್ತಿಯ ಮೇಲೆ ಪುಳ್ಳಿಯೆಂಬ ಚುಕ್ಕೆಯನ್ನಿಟ್ಟು ಸಾಲಾಗಿ ಬರೆಯುತ್ತಾರೆ. ಆದುದರಿಂದ ಉಕ್ತಲೇಖನದಲ್ಲಿ ಪುಸ್ತಕ ಎಂದರೆ ನಮ್ಮ ಮಗು "ಪುಸ್‌ತಕ" ಎಂದು ಬರೆಯುತ್ತದೆ. "ಗಿಡ" ಎಂದರೆ "ಕಿಡ" ಎಂದು ಬರೆಯುತ್ತದೆ. ಮೈಸೂರಿನಲ್ಲೋ ಮಂಡ್ಯದಲ್ಲೋ ತರಬೇತಾದ ಉಪಾಧ್ಯಾಯರು ಇದನ್ನು ನೋಡಿ ತಲೆ ಚಚ್ಚಿಕೊಂಡಾರು. ಗಡಿನಾಡಿನ ಉಪಾಧ್ಯಾಯನಿಗೆ ಇದರಲ್ಲಿ ಎರಡು ಲಿಪಿಗಳ ನಿಯಮ ಒಂದೇ ತಲೆಯಲ್ಲಿ ಕೆಲಸ ಮಾಡುತ್ತಿರುವುದು ಕಾಣಬೇಕು. ಹಾಲು ಪಾಲ್ ಆಗುತ್ತದೆ, ಹುಲಿ ಪುಲಿ, ಹತ್ತು ಪತ್ತು ಆಗುತ್ತದೆ ಎಂಬುದನ್ನು ಭಾಷಾವಿಜ್ಞಾನಿಗಳು ಗ್ರಂಥಗಳಲ್ಲಿ ಬರೆದಿದ್ದಾರೆ; ನಮ್ಮ ಮಕ್ಕಳು ಅದನ್ನು ಗೋಲಿ ಆಡುತ್ತಾ ಕಂಡುಕೊಂಡಿರುತ್ತಾರೆ. ಈ ಹೋಲಿಕೆಯನ್ನು ಕರಿಹಲಗೆಯ ಮೇಲೆ ಎರಡು ಸಾಲಾಗಿ ಬರೆದು ತೋರಿಸಿದರೆ ಅವರ ಮುಖದ ಮೇಲೆ ಮೂಡುವ ಬೆರಗನ್ನು ನಾನು ಬಹಳ ಸಲ ಕಂಡಿದ್ದೇನೆ.

ಎರಡು ಭಾಷೆ ಮಗುವಿನ ತಲೆಯನ್ನು ಕೆಡಿಸುತ್ತದೆಯೇ? ಮನೆಯಲ್ಲಿ ಕನ್ನಡವನ್ನು ನಿಲ್ಲಿಸಿ ತಮಿಳನ್ನೋ ಇಂಗ್ಲಿಷನ್ನೋ ಮಾತ್ರ ಆಡಬೇಕೆಂದು ಕೆಲವರು ತರುಣ ದಂಪತಿಗಳು ನಿಶ್ಚಯಿಸಿರುವುದನ್ನು ಕೇಳಿದ್ದೇನೆ. ಈ ಹೆದರಿಕೆಗೆ ಒಂದು ಇತಿಹಾಸವೇ ಉಂಟು. ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ ಸೇರ್ ಎಂಬಾತ 1923ರಲ್ಲಿ ಮಕ್ಕಳನ್ನು ಪರೀಕ್ಷಿಸಿ, ವೆಲ್ಷ್ ಮತ್ತು ಇಂಗ್ಲಿಷ್ ಎರಡನ್ನೂ ಆಡುವ ಹಳ್ಳಿಯ ಮಕ್ಕಳು ಬುದ್ಧಿಪರೀಕ್ಷೆಯಲ್ಲಿ ಹಿಂದೆ ಬಿದ್ದರೆಂದು ಬರೆದನು. ಅನೇಕ ದೇಶಗಳ ಶಿಕ್ಷಣ ತಜ್ಞರು ಇಂಥ ಮಾತುಗಳನ್ನು ದಶಕಗಳ ಕಾಲ ನಂಬಿದರು. ಆದರೆ ಹಳ್ಳಿಯ ಮಗುವಿಗೂ ಪಟ್ಟಣದ ಮಗುವಿಗೂ, ಬಡವನ ಮಗುವಿಗೂ ಉಳ್ಳವನ ಮಗುವಿಗೂ ಇರುವ ಅಂತರವನ್ನು ಭಾಷೆಯ ತಲೆಗೆ ಕಟ್ಟಲಾಗಿತ್ತು. ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಪೀಲ್ ಮತ್ತು ಲ್ಯಾಂಬರ್ಟ್ ಎಂಬ ಇಬ್ಬರು 1962ರಲ್ಲಿ ಒಂದೇ ಆರ್ಥಿಕ ಮಟ್ಟದ ಹತ್ತು ವರ್ಷದ ಮಕ್ಕಳನ್ನು ಹೋಲಿಸಿದಾಗ ಎರಡು ಭಾಷೆಯ ಮಕ್ಕಳೇ ಮುಂದಿದ್ದರು.

ನಮ್ಮ ದೇಶದ್ದೇ ಉದಾಹರಣೆ ಬೇಕೆಂದರೆ, ಒಡಿಶಾದ ಕೊಂಧ ಬುಡಕಟ್ಟಿನ ಮಕ್ಕಳನ್ನು ಅಜಿತ್ ಮೊಹಾಂತಿ ಅವರು ವರ್ಷಗಟ್ಟಲೆ ಅಭ್ಯಸಿಸಿದರು. ಕುಯಿ ಮತ್ತು ಒಡಿಯಾ ಎರಡನ್ನೂ ಆಡುವ ಮಕ್ಕಳು, ಅದೇ ಬುಡಕಟ್ಟಿನ ಒಡಿಯಾ ಒಂದನ್ನೇ ಆಡುವ ಮಕ್ಕಳಿಗಿಂತ ಭಾಷೆಯನ್ನು ಕುರಿತು ಯೋಚಿಸುವ ಪರೀಕ್ಷೆಗಳಲ್ಲಿ ಮೇಲಾಗಿದ್ದರು. ಆ ಗ್ರಂಥವನ್ನು 1994ರಲ್ಲಿ ಪ್ರಕಟಿಸಿದ್ದು ನಮ್ಮ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ. ಈಚಿನ ವಿದ್ವಾಂಸರಲ್ಲಿ ಎರಡು ಭಾಷೆಯಿಂದ ಬುದ್ಧಿಗೆ ವಿಶೇಷ ಲಾಭವುಂಟೇ ಎಂಬ ಬಗ್ಗೆ ವಾದವಿವಾದ ನಡೆದೇ ಇದೆ. ನಾನು ಅತ್ಯುಕ್ತಿಯನ್ನು ಆಡಲಾರೆ. ಆದರೆ ಮನೆಮಾತನ್ನು ಉಳಿಸಿಕೊಂಡು ಇನ್ನೊಂದನ್ನು ಕಲಿತರೆ ಬುದ್ಧಿ ಮಂದವಾಗುತ್ತದೆಂಬ ಹಳೆಯ ಭಯಕ್ಕೆ ಇಂದು ಆಧಾರ ಉಳಿದಿಲ್ಲ. ಅಜ್ಜಿಯೊಡನೆ ಕನ್ನಡ, ಕಿರಾಣಿ ಅಂಗಡಿಯಲ್ಲಿ ತಮಿಳು, ಯಾರೊಡನೆ ಯಾವುದೆಂದು ಮೂರು ವರ್ಷದ ಕೂಸು ತಪ್ಪದೆ ಬಲ್ಲದು. ಅಜ್ಜಿಯ ಕನ್ನಡವನ್ನು ಕಸಿದುಕೊಂಡರೆ ಅದಕ್ಕೆ ತಮಿಳು ಹೆಚ್ಚು ಬರುವುದಿಲ್ಲ. ಅಜ್ಜಿಯ ಕಥೆಗಳು ಹೋಗುತ್ತವೆ, ಅಷ್ಟೇ.

ನಾನು ತಮಿಳನ್ನು ಕಲಿಯಬಾರದೆಂದು ಹೇಳುವವನಲ್ಲ. ಇದು ನಮಗೆ ಅನ್ನ ಕೊಟ್ಟ ನೆಲ, ಇದರ ಭಾಷೆಯನ್ನು ಚೆನ್ನಾಗಿಯೇ ಕಲಿಯಬೇಕು. 2006ರ ತಮಿಳು ಕಲಿಕಾ ಕಾಯಿದೆಯ ಮೇರೆಗೆ ತಮಿಳು ಒಂದನೆಯ ತರಗತಿಯಿಂದ ಕಡ್ಡಾಯವಾಗಿ, ವರ್ಷಕ್ಕೊಂದು ತರಗತಿಯಂತೆ ಮೇಲೇರಿ 2015-16ರಲ್ಲಿ ಹತ್ತನೆಯ ತರಗತಿಯನ್ನು ಮುಟ್ಟಿತು. ಭಾಷಾ ಅಲ್ಪಸಂಖ್ಯಾತರು ನ್ಯಾಯಾಲಯದ ಮೆಟ್ಟಿಲನ್ನು ಹತ್ತಿದ್ದು ವಾಚಕರಿಗೆ ತಿಳಿದದ್ದೇ. ಪ್ರಾಥಮಿಕ ಹಂತದಲ್ಲಿ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯ ಬೋಧನೆಗೆ ಸೌಲಭ್ಯ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ರಾಜ್ಯಗಳ ಪುನರ್ವಿಂಗಡಣೆಯಾದ 1956ರಲ್ಲಿಯೇ ಅದು ಸೇರ್ಪಡೆಯಾಯಿತು. ಆ ವಾದಗಳನ್ನು ವಕೀಲರಿಗೆ ಬಿಡೋಣ. ಉಪಾಧ್ಯಾಯನಾಗಿ ನನ್ನ ಚಿಂತೆ ಇಷ್ಟೇ: ಐದನೆಯ ವಯಸ್ಸಿನಲ್ಲಿ ಮೂರು ಲಿಪಿಗಳನ್ನು ಒಟ್ಟಿಗೆ ಹಿಡಿಯಬೇಕಾದ ಮಗುವಿಗೆ, ಒಂದೇ ಲಿಪಿಯನ್ನು ಕಲಿಯುವ ಮಗುವಿಗೆ ಕೊಡುವಷ್ಟೇ ಸಮಯವನ್ನು ಕೊಟ್ಟು, ಅದೇ ತಕ್ಕಡಿಯಲ್ಲಿ ತೂಗಬಾರದು.

ಎಲ್ಲ ತಡವೂ ಸಹಜವೆಂದು ಯಾರೂ ನನ್ನ ಮಾತನ್ನು ತಿರುಚಬಾರದು. ಕರೆದರೆ ತಿರುಗದ ಮಗು, ಮೂರು ವರ್ಷ ತುಂಬಿದರೂ ಯಾವ ಭಾಷೆಯಲ್ಲಿಯೂ ಎರಡು ಶಬ್ದ ಕೂಡಿಸಿ ಮಾತನಾಡದ ಮಗು, ಹಲಗೆಯನ್ನು ನೋಡಲು ಕಣ್ಣು ಕಿರಿದು ಮಾಡುವ ಮಗು, ನಾಲ್ಕನೆಯ ತರಗತಿಯ ಕೊನೆಗೂ ಸರಳ ಶಬ್ದವನ್ನು ಕೂಡಿಸಿ ಓದಲಾರದ ಮಗು, ಇವರನ್ನು ತಡಮಾಡದೆ ವೈದ್ಯರಿಗೆ ತೋರಿಸಬೇಕು. ಮಾತು ಮತ್ತು ಶ್ರವಣದ ದೋಷಗಳಿಗೆ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಲ್ಲಿ ಕನ್ನಡದಲ್ಲಿಯೇ ಪರೀಕ್ಷೆ ಮಾಡುತ್ತಾರೆ. ಯಾವ ಭಾಷೆಯಲ್ಲಿ ಪರೀಕ್ಷಿಸಿದರೆಂಬುದನ್ನು ಮಾತ್ರ ತಾಯ್ತಂದೆಯರು ಕೇಳಿಯೇ ಕೇಳಬೇಕು.

ಮೈಸೂರಿನದೇ ಇನ್ನೊಂದು ಸಂಗತಿಯನ್ನು ಹೇಳುತ್ತೇನೆ, ಏಕೆಂದರೆ ನನ್ನ ಸಲಹೆ ಅದರಿಂದಲೇ ಹುಟ್ಟಿದ್ದು. ಜನರು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾದಿಯರು ದಪ್ಪ ಪುಸ್ತಕಗಳಲ್ಲಿ ಬರೆದಿಡುತ್ತಾ ಬಂದರು. ಬಹಳ ವರ್ಷಗಳ ಮೇಲೆ ಸಂಶೋಧಕರು ಆ ಪುಸ್ತಕಗಳನ್ನು ತೆರೆದು, ಆ ಕೂಸುಗಳು ವಯಸ್ಕರಾದ ಮೇಲೆ ಅವರನ್ನು ಹುಡುಕಿಕೊಂಡು ಹೋಗಿ, ಹುಟ್ಟಿನ ತೂಕಕ್ಕೂ ಮುಂದಿನ ಆರೋಗ್ಯಕ್ಕೂ ಇರುವ ನಂಟನ್ನು ಪರಿಶೀಲಿಸಿದರು. ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಇನ್ನೊಂದು ತಂಡದ ಗರ್ಭಿಣಿಯರನ್ನು ಪರೀಕ್ಷಿಸಿ, ಅವರ ಮಕ್ಕಳನ್ನು ವರ್ಷ ವರ್ಷವೂ ಹಿಂಬಾಲಿಸುತ್ತಾ ಬಂದರು. ಗರ್ಭದಲ್ಲಿದ್ದಾಗ ತಾಯಿಯ ರಕ್ತದಲ್ಲಿ ಫೋಲೇಟ್ ಎಂಬ ಸತ್ತ್ವ ಹೆಚ್ಚಿಗೆ ಇದ್ದ ಮಕ್ಕಳು ಒಂಬತ್ತು ಹತ್ತನೆಯ ವಯಸ್ಸಿನಲ್ಲಿ ನೆನಪು, ಗಮನ ಮೊದಲಾದ ಪರೀಕ್ಷೆಗಳಲ್ಲಿ ಮೇಲಾಗಿದ್ದರೆಂದು 2010ರಲ್ಲಿ ವರದಿಯಾಯಿತು. ಸೊಪ್ಪು, ಕಾಳುಗಳಲ್ಲಿ ಧಾರಾಳವಾಗಿ ಸಿಗುವ ಸತ್ತ್ವವದು. ಬಸುರಿಗೆ ಸೊಪ್ಪಿನ ಸಾರು ಬಡಿಸುತ್ತಿದ್ದ ನಮ್ಮ ಅವ್ವಂದಿರಿಗೆ ರಕ್ತಪರೀಕ್ಷೆ ಬೇಕಾಗಿರಲಿಲ್ಲ ಎಂಬುದು ಬೇರೆ ಮಾತು.

ಅಲ್ಲಿನ ದಾದಿಯರಿಗೆ ತಾವು ಸಂಶೋಧನೆ ಮಾಡುತ್ತಿದ್ದೇವೆಂಬ ಅರಿವಿರಲಿಲ್ಲ. ದಿನದಿನವೂ ಬರೆದಿಟ್ಟರು, ಅಷ್ಟೇ. ನಮ್ಮ ಶಾಲೆಯಲ್ಲಿಯೂ ಇದು ಸಾಧ್ಯ. ಒಂದನೆಯ ತರಗತಿಗೆ ಸೇರಿದ ಪ್ರತಿ ಮಗುವಿನ ಹೆಸರಿಗೂ ಒಂದು ನೋಟುಪುಸ್ತಕವನ್ನಿಟ್ಟು, ತಿಂಗಳಿಗೊಮ್ಮೆ ಮಗು ಬರೆದ ಐದು ಶಬ್ದಗಳ ಉಕ್ತಲೇಖನದ ಹಾಳೆಯನ್ನು ಅದರಲ್ಲಿ ಅಂಟಿಸಿ, ತಾರೀಖು ಹಾಕಬೇಕು. ಅಂಕ ಬೇಡ, ಕೆಂಪು ಶಾಯಿ ಬೇಡ. ನಾಲ್ಕನೆಯ ತರಗತಿಯವರೆಗೆ ಅದೇ ಪುಸ್ತಕ ಮಗುವಿನೊಡನೆ ಮೇಲೇರಬೇಕು. ಎರಡನೆಯ ತರಗತಿಯ ಕೊನೆಗೆ ವರ್ಗಾವಣೆ ಪತ್ರ ಕೇಳಲು ಬಂದ ತಂದೆಯ ಮುಂದೆ ಅದನ್ನು ಬಿಚ್ಚಿಡಬೇಕು. ಪಕ್ಕದ ಮನೆಯ ಮಗುವಿನೊಡನೆ ಹೋಲಿಸಿ ಬಂದವನು ತನ್ನ ಮಗುವನ್ನು ಅದೇ ಮಗುವಿನ ಜೂನ್ ತಿಂಗಳೊಡನೆ ಹೋಲಿಸಲಿ. ಪಕ್ಕದಲ್ಲಿ ಮೂರು ವರ್ಷ ಹಿಂದಿನ ಮಗುವೊಂದರ ಮುಗಿದ ಪುಸ್ತಕವನ್ನೂ ಇಟ್ಟರೆ, "ಪುಸ್‌ತಕ" ಯಾವ ತಿಂಗಳಲ್ಲಿ "ಪುಸ್ತಕ" ಆಯಿತೆಂಬುದು ಅವನ ಕಣ್ಣಿಗೇ ಬೀಳುತ್ತದೆ.

ಹಳೆಯ ವಿದ್ಯಾರ್ಥಿಗಳ ಸಂಘದವರು ಮಹೋತ್ಸವದ ನೆನಪಿಗಾಗಿ ಶಾಲೆಯ ಮುಂದೆ ಒಂದು ಕಮಾನು ಕಟ್ಟಿಸುವ ಯೋಚನೆಯಲ್ಲಿದ್ದಾರೆಂದು ಕೇಳಿದ್ದೇನೆ. ಕಮಾನು ಕಟ್ಟಲಿ, ಸಂತೋಷ. ಆದರೆ ಆ ಹಣದಲ್ಲಿ ಒಂದು ಪಾಲನ್ನು ಈ ನೋಟುಪುಸ್ತಕಗಳಿಗೂ, ಒತ್ತಕ್ಷರಗಳಿಲ್ಲದ ಸಣ್ಣ ಕಥೆಗಳು, ಸಜಾತೀಯ ಒತ್ತುಗಳು ಮಾತ್ರವಿರುವ ಕಥೆಗಳು, ಎಲ್ಲವೂ ಇರುವ ಕಥೆಗಳು ಎಂಬ ಮೂರು ಕಪಾಟುಗಳ ಪುಸ್ತಕಗಳಿಗೂ ತೆಗೆದಿಡಬೇಕೆಂದು ನನ್ನ ಬಿನ್ನಹ. ಒಂದನೆಯ ತರಗತಿಯ ಮಗು ತನ್ನ ಕೈಗೆಟಕುವ ಎತ್ತರದಲ್ಲಿರುವ ಮೊದಲ ಕಪಾಟಿನಿಂದ ತಾನೇ ಪುಸ್ತಕ ತೆಗೆಯುವಂತಿರಬೇಕು. ಕಪಾಟಿಗೆ ಬೀಗ ಹಾಕಬಾರದು. ಅಂಥ ಪುಸ್ತಕಗಳ ಒಂದು ಪಟ್ಟಿಯನ್ನು ಬರೆದು ಈಗಿನ ಮುಖ್ಯೋಪಾಧ್ಯಾಯರಿಗೆ ಕೊಟ್ಟಿದ್ದೇನೆ. ನೋಟುಪುಸ್ತಕದ ಕೆಲಸಕ್ಕೆ ವಾರದಲ್ಲಿ ಎರಡು ದಿನ ಬೆಳಗ್ಗೆ ಬಂದು ಕುಳಿತುಕೊಳ್ಳಲು ನಾನು ಸಿದ್ಧನಿದ್ದೇನೆ. ಹತ್ತು ಗಂಟೆಯ ಬಸ್ಸು ಹೊರಡುವುದರೊಳಗೆ ಮುಗಿಯುವ ಕೆಲಸವದು. ಜೊತೆಗೆ ಇನ್ನಿಬ್ಬರು ನಿವೃತ್ತರು ಬಂದರೆ ನಾಲ್ಕು ತರಗತಿಗಳನ್ನೂ ಹಂಚಿಕೊಳ್ಳಬಹುದು.